ಕ್ಯಾರವಾನ್ ವಾರಂಟಿಯನ್ನ ಮಳೆಗಾಲದ ಲೆಕ್ಕದಲ್ಲಿ ಕೊಡ್ಲಿ

ಮಾನ್ಯ ಸಂಪಾದಕರೇ,

ನಮ್ಮ ಜಿಲ್ಲೆಲಿ ಈಗ ಒಳಗೇ ಮಲಗಿ, ಅಡುಗೆ ಮಾಡ್ಕೊಂಡು ಊರು ಸುತ್ತೋ ಗಾಡಿಗಳು, ಅಂದ್ರೆ ಕ್ಯಾರವಾನ್‌ಗಳು ಕಾಣೋದು ಜಾಸ್ತಿ ಆಗಿದೆ. ಗೋಕರ್ಣ, ಮುರ್ಡೇಶ್ವರ, ಕಾರವಾರದ ಟ್ಯಾಗೋರ್ ಬೀಚು, ಎಲ್ಲಿ ಹೋದ್ರೂ ಒಂದಲ್ಲ ಒಂದು ನಿಂತಿರ್ತದೆ. ಪ್ರವಾಸೋದ್ಯಮದೋರು ಕ್ಯಾರವಾನ್ ಟೂರಿಸಂ ಅಂತ ಹೇಳ್ತಾ ಇದಾರೆ, ಪಕ್ಕದ ಕೇರಳ 2021ರಲ್ಲೇ ಇದಕ್ಕೆ ಅಂತ ನೀತಿ ತಂದಿದೆ. ಪಾರ್ಕಿಂಗ್ ಎಲ್ಲಿ, ಕರೆಂಟ್ ಪಾಯಿಂಟ್ ಎಲ್ಲಿ ಅನ್ನೋ ಮಾತೆಲ್ಲ ಆಗ್ತದೆ, ಆದ್ರೆ ಲಕ್ಷಗಟ್ಟಲೆ ಕೊಟ್ಟು ತಗೊಂಡ ಗಾಡಿ ಫ್ಯಾಕ್ಟರಿಯಿಂದಲೇ ದೋಷ ಇಟ್ಕೊಂಡು ಬಂದಿದ್ರೆ ಯಾರು ರಿಪೇರಿ ಮಾಡ್ಬೇಕು, ಎಲ್ಲಿ ಮಾಡ್ಬೇಕು ಅನ್ನೋದರ ಬಗ್ಗೆ ಯಾರೂ ಬಾಯಿ ಬಿಡೋದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಪೂರ್ತಿ ಹಾಕಿ.

ನಾವು ಕುಮಟಾದೋರು. ಆಯಿಗೆ ಮಂಡಿನೋವು, ಬಸ್ಸಿನ ಮೆಟ್ಲು ಹತ್ತೋಕೆ ಆಗೋದಿಲ್ಲ, ದಾರಿಲಿ ಸರಿಯಾದ ಶೌಚಾಲಯ ಸಿಗೋದಿಲ್ಲ, ಆದ್ರೆ ಕಾಶಿ, ರಾಮೇಶ್ವರ ನೋಡ್ಬೇಕು ಅನ್ನೋ ಆಸೆ ಇದೆ. ಹಾಗಾಗಿ ನಾನು ತಮ್ಮ ಸೇರಿ ಮಿನಿಬಸ್ ಚಾಸಿ (ಎಂಜಿನ್ನು, ಚಕ್ರ ಇರೋ ಅಡಿಕಟ್ಟು) ಮೇಲೆ ಕಟ್ಟಿದ ಕ್ಯಾರವಾನ್ ಒಂದನ್ನ ದಸರಾ ಆದ್ಮೇಲೆ ತಗೊಂಡ್ವಿ. ಎರಡು ಮಂಚ, ಚಿಕ್ಕ ಅಡುಗೆ ಕಟ್ಟೆ, ಟಾಯ್ಲೆಟ್ಟು, ಮೇಲೆ ಎಸಿ, ಸೋಲಾರ್, ಲಿಥಿಯಂ ಬ್ಯಾಟರಿ. ಕಟ್ಟಿಕೊಟ್ಟವರ ಹೆಸರು ಇಲ್ಲಿ ಬರೆಯೋದಿಲ್ಲ, ನಾನು ಹೇಳ್ಬೇಕಾಗಿರೋದು ಒಬ್ಬರ ಬಗ್ಗೆ ಅಲ್ಲ, ಇಡೀ ಪದ್ಧತಿ ಬಗ್ಗೆ.

ಚಳಿಗಾಲ ಬೇಸಿಗೆ ಪೂರ್ತಿ ಏನೂ ತೊಂದ್ರೆ ಇಲ್ಲ. ಜೂನ್‌ನಲ್ಲಿ ಮಳೆ ಹಿಡೀತು ನೋಡಿ, ಒಂದು ವಾರದೊಳಗೆ ಗಾಡಿ ಒಳಗೆ ಮುಗ್ಗು ವಾಸನೆ. ಮಂಚದ ಕೆಳಗಿನ ಬಾಕ್ಸ್ ತೆಗೆದ್ರೆ ಆಯಿಯ ಕಂಬಳಿ ಮೇಲೆ ತುಕ್ಕಿನ ಕೆಂಪು ಕಲೆ, ಪ್ಲೈವುಡ್ ಮೂಲೆ ಉಬ್ಬಿ ಬೆರಳಿಟ್ಟರೆ ಒಳಗೆ ಹೋಗ್ತಾ ಇತ್ತು, ಗೋಡೆ ಹಿಂದೆ ಕಪ್ಪು ಬೂಸ್ಟು. ಫೋನ್ ಮಾಡಿದ್ರೆ ಎಸಿ ಹತ್ರ ಲೀಕ್ ಇರ್ಬೇಕು, ಗಾಡಿ ಬೆಂಗಳೂರಿಗೆ ತಗೊಂಡು ಬನ್ನಿ ಅಂದ್ರು. ಮಳೇಲಿ ಘಟ್ಟ ಹತ್ತಿ, ಡೀಸೆಲ್ ನಮ್ದೇ ಹಾಕ್ಕೊಂಡು ಅಷ್ಟು ದೂರ ಹೋಗಿ ಬಿಟ್ಟು ಬಂದ್ವಿ. ಅವರು ಎಸಿ ಸುತ್ತ ಸಿಲಿಕೋನ್ ಬಳಿದು ವಾಪಸ್ ಕೊಟ್ರು. ಜಾಬ್ ಕಾರ್ಡ್‌ನಲ್ಲಿ 'ವಾಟರ್ ಲೀಕೇಜ್ ಅಟೆಂಡೆಡ್' ಅಂತ ಒಂದೇ ಸಾಲು, ನೀರು ಎಲ್ಲಿಂದ ಬಂತು, ಏನು ಬಿಚ್ಚಿದ್ರು, ಯಾವ ಸಾಮಾನು ಹಾಕಿದ್ರು, ಒಂದೂ ಇಲ್ಲ. ಊರಿಗೆ ಬಂದ್ಮೇಲೆ ಮತ್ತೆ ಸೋರ್ತು, ಮತ್ತೆ ಕರೆದ್ರು, ಮತ್ತೆ ಅದೇ ಸಿಲಿಕೋನ್. ಹಳೇ ಸಿಲಿಕೋನ್ ಮೇಲೆ ಹೊಸ ಸಿಲಿಕೋನ್ ಸರಿಯಾಗಿ ಹಿಡಿಯೋದೇ ಇಲ್ಲ, ಹಳೇದನ್ನ ಪೂರ್ತಿ ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ, ಕೆಳಗೆ ಬ್ಯುಟೈಲ್ ಟೇಪ್ (ಅಂಟು ರಬ್ಬರ್ ಪಟ್ಟಿ) ಕೊಟ್ಟು ಮೇಲೆ ಪಾಲಿಯುರಿಥೇನ್ ಸೀಲಂಟ್ (ಸಂದು ಮುಚ್ಚೋ ಅಂಟು) ಹಾಕ್ಬೇಕು. ಇದು ಈ ಕೆಲಸ ಮಾಡೋರಿಗೆ ಗೊತ್ತಿರಲೇಬೇಕಾದ ವಿಷಯ.

ಕೊನೆಗೆ ಸೋರೋ ಜಾಗ ಹುಡುಕಿದ್ದು ನನ್ನ ತಮ್ಮ. ಒಬ್ಬರು ಒಳಗೆ ಟಾರ್ಚ್ ಹಿಡ್ಕೊಂಡು ಕೂತು, ಇನ್ನೊಬ್ಬರು ಹೊರಗಿಂದ ಪೈಪ್‌ನಲ್ಲಿ ನೀರು ಬಿಡೋದು, ಆದ್ರೆ ಮೇಲಿಂದ ಅಲ್ಲ, ಕೆಳಗಿಂದ ಶುರು ಮಾಡಿ ಒಂದೊಂದೇ ಜಾಯಿಂಟ್ ಹತ್ರ ಐದೈದು ನಿಮಿಷ ನಿಲ್ಲಿಸಿ ಮೇಲೆ ಹೋಗ್ಬೇಕು, ಮೇಲಿಂದ ಬಿಟ್ರೆ ಎಲ್ಲಾ ಕಡೆ ನೀರು ಹರಿದು ಯಾವ ಜಾಗ ಅಂತ ಗೊತ್ತೇ ಆಗೋದಿಲ್ಲ. ಹಾಗೆ ಮಾಡ್ತಾ ಹೋದಾಗ ಎಸಿ ಹತ್ರ ಏನೂ ಇಲ್ಲ, ಪಕ್ಕದಲ್ಲಿ ಮಡಚೋ ನೆರಳು ಚಪ್ಪರ ಹಾಕಿದಾರಲ್ಲ, ಅದರ ಬ್ರಾಕೆಟ್‌ನ ಸ್ಕ್ರೂ ಇರೋ ಕಡೆ ನೀರು ತಾಗಿದ ಕೂಡ್ಲೇ ಒಳಗೆ ಮಂಚದ ಮೂಲೇಲಿ ತೊಟ್ಟಿಕ್ಕೋಕೆ ಶುರು ಆಯ್ತು. ಸ್ಕ್ರೂ ಫೈಬರ್ ಶೀಟ್ ದಾಟಿ ಒಳಗಿನ ಕಬ್ಬಿಣದ ಚೌಕ ಪೈಪ್‌ಗೆ ತೂತು ಮಾಡಿದೆ, ನೀರು ಆ ಪೈಪ್ ಒಳಗೇ ಹರಿದು ನಾಲ್ಕಡಿ ಆಚೆ ಹೋಗಿ ಹೊರಗೆ ಬರ್ತಾ ಇದೆ. ಕಂಬಳಿ ಮೇಲಿನ ಕೆಂಪು ಕಲೆ ಎಲ್ಲಿಂದ ಬಂತು ಅಂತ ಆಗ ತಿಳೀತು. ಆ ಪೈಪ್‌ಗೆ ಒಳಗೆ ತುಕ್ಕು ನಿರೋಧಕ ಏನೂ ಹಾಕಿಲ್ಲ, ಸ್ಕ್ರೂ ಕೂಡ ಸ್ಟೇನ್‌ಲೆಸ್ ಅಲ್ಲ. ನಮ್ಮ ಉಪ್ಪು ಗಾಳೀಲಿ ಇಂಥ ಕಬ್ಬಿಣ ಎಷ್ಟು ವರ್ಷ ಬಾಳ್ತದೆ ಅಂತ ಮೀನುಗಾರರನ್ನ ಕೇಳಿದ್ರೆ ಸಾಕು.

ಇನ್ನೊಂದು ದೋಷ ಇದಕ್ಕಿಂತ ಭಯದ್ದು. ಇನ್ವರ್ಟರ್ ಹತ್ರ ಸುಟ್ಟ ವಾಸನೆ ಬಂತು ಅಂತ ತೆಗೆದು ನೋಡಿದ್ರೆ ಫ್ಯೂಸ್ ಹೋಲ್ಡರ್ ಕರಗಿ ವೈರ್‌ಗೆ ಅಂಟಿಕೊಂಡಿತ್ತು. ಬೋಲ್ಟ್ ಬಿಗಿ ಮಾಡಿಲ್ಲ, ವೈರ್ ತುದಿಯ ಲೋಹದ ಲಗ್ ಸರಿಯಾಗಿ ಒತ್ತಿ ಕ್ರಿಂಪ್ ಮಾಡಿಲ್ಲ. ಮನೇಲಿ 230 ವೋಲ್ಟ್‌ನಲ್ಲಿ 1000 ವ್ಯಾಟ್‌ಗೆ ನಾಲ್ಕೂವರೆ ಆಂಪಿಯರ್ ಸಾಕು, ಅದೇ 1000 ವ್ಯಾಟ್ 12 ವೋಲ್ಟ್ ಬ್ಯಾಟರಿಯಿಂದ ಎಳೆದ್ರೆ 80 ಆಂಪಿಯರ್ ದಾಟ್ತದೆ, ಆಗ ಒಂದು ಸಡಿಲ ಜಾಯಿಂಟ್ ಸಾಕು ಬೆಂಕಿ ಹತ್ತೋಕೆ. ಆಯಿ ಮಲಗೋ ಮಂಚ ಅದರಿಂದ ಮೂರಡಿ ದೂರ. ಇದನ್ನ ನೆನೆಸ್ಕೊಂಡ್ರೆ ಈಗ್ಲೂ ಎದೆ ಝಲ್ ಅಂತದೆ.

ಇದನ್ನ ಯಾರಿಗೆ ಹೇಳ್ಬೇಕು? ಚಾಸಿ ಕಂಪನಿ ವಾರಂಟಿ ಎಂಜಿನ್ನು, ಗೇರ್‌ಬಾಕ್ಸಿಗೆ ಮಾತ್ರ, ಅದು ನ್ಯಾಯವೇ. ಬಾಡಿ ಕಟ್ಟಿದವರು ಬ್ಯಾಟರಿ ಕಂಪನಿಗೆ ಫೋನ್ ಮಾಡಿ ಅಂತಾರೆ, ಬ್ಯಾಟರಿಯೋರು ನಮ್ಮ ಬ್ಯಾಟರಿ ಸರಿ ಇದೆ, ವೈರಿಂಗ್ ನಮ್ದಲ್ಲ ಅಂತಾರೆ. ಎಸಿಯವರು ಫಿಟ್ಟಿಂಗ್ ನಾವು ಮಾಡಿದ್ದಲ್ಲ ಅಂತಾರೆ. ವಾರಂಟಿ ಕಾರ್ಡ್ ಒಂದು ಫೈಲ್ ತುಂಬ ಇದೆ, ಗಾಡಿಗೆ ಅಂತ ನಿಲ್ಲೋರು ಒಬ್ಬರೂ ಇಲ್ಲ. ಇನ್ಶೂರೆನ್ಸ್‌ನಲ್ಲೂ ದಾರಿ ಇಲ್ಲ, ಎಲೆಕ್ಟ್ರಿಕಲ್ ಬ್ರೇಕ್‌ಡೌನು, ಸವೆತ ಇವೆಲ್ಲ ಮಾಮೂಲಿ ಮೋಟಾರ್ ಪಾಲಿಸೀಲಿ ಬರೋದಿಲ್ಲ.

ಈಗ ಮುಖ್ಯ ಮಾತಿಗೆ ಬರ್ತೇನೆ. ಗಾಡಿಯ ಬಾಡಿ ಭಾಗಕ್ಕೆ ಕೊಟ್ಟಿರೋದು ಒಂದು ವರ್ಷದ ವಾರಂಟಿ. ಕೇಳೋಕೆ ಸರಿ ಅನ್ನಿಸ್ತದೆ, ಆದ್ರೆ ಲೆಕ್ಕ ಹಾಕಿ ನೋಡಿ. ಅಕ್ಟೋಬರ್‌ನಲ್ಲಿ ಗಾಡಿ ತಗೊಂಡ್ರೆ ಮೊದಲ ಎಂಟು ತಿಂಗಳು ಒಣಗಿನ ದಿನ, ಸೋರ್ತದೋ ಇಲ್ವೋ ಅಂತ ಗೊತ್ತಾಗೋದೇ ಇಲ್ಲ. ನಿಜವಾದ ಪರೀಕ್ಷೆ ಜೂನ್‌ನಿಂದ ಸೆಪ್ಟೆಂಬರ್, ನಮ್ಮ ಕರಾವಳೀಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಆ ನಾಲ್ಕು ತಿಂಗಳಲ್ಲೇ ಬೀಳ್ತದೆ. ಆ ನಾಲ್ಕು ತಿಂಗಳಲ್ಲಿ ಗಾಡಿ ಅರ್ಧದಷ್ಟು ದಿನ ವರ್ಕ್‌ಶಾಪ್‌ನಲ್ಲೇ ಇರ್ತದೆ, ಕೊನೇ ರಿಪೇರಿ ಮುಗಿಸಿ ಕೊಡೋ ಹೊತ್ತಿಗೆ ಮಳೆ ಹೋಗಿರ್ತದೆ, ವಾರಂಟೀನೂ ಮುಗಿದಿರ್ತದೆ. ರಿಪೇರಿ ನಿಜವಾಗಿ ಆಗಿದೆಯೋ ಇಲ್ವೋ ಅಂತ ಗೊತ್ತಾಗೋದು ಮುಂದಿನ ಜೂನ್‌ನಲ್ಲಿ, ಆಗ ಕೇಳೋಕೆ ಹೋದ್ರೆ ಅವಧಿ ಮುಗೀತು, ಎಸ್ಟಿಮೇಟ್ ಕೊಡ್ತೇವೆ ಅಂತಾರೆ. ಒಂದು ವರ್ಷದ ವಾರಂಟಿ ಅಂದ್ರೆ ನಮ್ಮ ಕಡೆಯೋರಿಗೆ ಒಂದೇ ಒಂದು ಮಳೆಗಾಲ, ಅದೂ ಪೂರ್ತಿ ಅಲ್ಲ. ಅದಕ್ಕೇ ಹೇಳೋದು, ನೀರು ಸೋರೋದಕ್ಕೆ ಬೇರೆಯದೇ ವಾರಂಟಿ ಬೇಕು, ಕಡಿಮೆ ಅಂದ್ರೂ ಮೂರು ಪೂರ್ತಿ ಮಳೆಗಾಲಕ್ಕೆ. ಇದೇನು ಆಗದ ಮಾತಲ್ಲ, ಬ್ರಿಟನ್‌ನಲ್ಲಿ ಕ್ಯಾರವಾನ್ ಕಂಪನಿಗಳು ನೀರು ಒಳಗೆ ಬರೋದಕ್ಕೆ ಪ್ರತ್ಯೇಕ ವಾರಂಟಿ ಕೊಡ್ತವೆ, ಕೆಲವು ಹತ್ತು ವರ್ಷದವರೆಗೂ, ವರ್ಷಕ್ಕೊಮ್ಮೆ ಮೀಟರ್ ಹಿಡಿದು ಗೋಡೆಯ ತೇವಾಂಶ ಅಳತೆ ಮಾಡಿಸ್ಬೇಕು ಅನ್ನೋ ಷರತ್ತಿನ ಮೇಲೆ. ಇಲ್ಲೂ ಹಾಗೆ ಮಾಡ್ಲಿ, ವರ್ಷಕ್ಕೊಮ್ಮೆ ಚೆಕ್ ಮಾಡಿಸೋಕೆ ನಾವು ತಯಾರಿದ್ದೇವೆ.

ಎರಡನೇದು, ರಿಪೇರಿ ಇಲ್ಲೇ ಆಗ್ಬೇಕು. ತದಡಿಗೆ ಹೋಗಿ ನೋಡಿ, ಕಾರವಾರ, ಭಟ್ಕಳದ ಬಂದರಿಗೆ ಹೋಗಿ ನೋಡಿ, ಫೈಬರ್ ದೋಣಿ ರಿಪೇರಿ ಮಾಡೋರು ಇದಾರೆ. ಸಮುದ್ರದ ನೀರನ್ನ ಹೊರಗೆ ನಿಲ್ಲಿಸೋ ಕೆಲಸ ಅವರದ್ದು, ರೆಸಿನ್ ಅಂಟು, ಫೈಬರ್ ಮ್ಯಾಟ್, ಸೀಲಂಟ್ ಎಲ್ಲ ಅವರ ಕೈಗೆ ಬಳಕೆ ಇದೆ. ನಮ್ಮ ಗಾಡಿ ತೋರಿಸಿದಾಗ ಅಲ್ಲೊಬ್ಬರು ಅರ್ಧ ಗಂಟೇಲಿ ಹೇಳಿದ್ರು, ಬ್ರಾಕೆಟ್ ಬಿಚ್ಚಿ ತೂತು ಮುಚ್ಚಿ, ಹಿಂದಿನಿಂದ ಪ್ಲೇಟ್ ಕೊಟ್ಟು ಸ್ಟೇನ್‌ಲೆಸ್ ಬೋಲ್ಟ್ ಹಾಕ್ಬೇಕು ಅಂತ. ಆದ್ರೆ ಅವರ ಕೈಲಿ ಮಾಡಿಸೋ ಹಾಗಿಲ್ಲ, ಹೊರಗಿನವರು ಕೈ ಹಾಕಿದ್ರೆ ವಾರಂಟಿ ರದ್ದು ಅಂತ ಕಾಗದದಲ್ಲಿ ಬರೆದಿದಾರೆ. ತಾವೂ ಸರಿ ಮಾಡೋದಿಲ್ಲ, ಸರಿ ಮಾಡೋರಿಗೂ ಬಿಡೋದಿಲ್ಲ ಅಂದ್ರೆ ಹೇಗೆ? ಕ್ಯಾರವಾನ್ ಮಾರೋರು ಇಂಥ ಕೆಲಸಗಾರರ ಜೊತೆ ಒಪ್ಪಂದ ಮಾಡ್ಕೊಂಡು ಜಿಲ್ಲೆಗೊಂದು ಕಡೆ ವಾರಂಟಿ ಕೆಲಸ ಕೊಟ್ರೆ ಗಿರಾಕಿಗೂ ಒಳ್ಳೇದು, ಮಳೆಗಾಲದಲ್ಲಿ ಮೀನುಗಾರಿಕೆ ನಿಂತಾಗ ಈ ಕೆಲಸಗಾರರಿಗೂ ನಾಲ್ಕು ಕಾಸು. ಪ್ರವಾಸೋದ್ಯಮ ಇಲಾಖೆ ಸಬ್ಸಿಡಿ, ಪ್ರೋತ್ಸಾಹ ಅಂತ ಏನೇ ಕೊಟ್ರೂ ಈ ಎರಡು ಷರತ್ತು ಹಾಕಿ ಕೊಡ್ಲಿ.

ಈ ತೊಂದ್ರೇಲಿ ಇರೋ ಬೇರೆಯವರಿಗೆ ಉಪಯೋಗ ಆಗ್ಲಿ ಅಂತ ಕಾನೂನಿನ ನಾಲ್ಕು ವಿಷಯ ಬರೀತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಲಿದೆ. ಅದರಲ್ಲಿ ಬೇರೆಯವರು ಮಾಡಿದ ಬಿಡಿಭಾಗ ಜೋಡಿಸಿ ಕೊಡೋರೂ ತಯಾರಕರೇ ಅಂತ ಸ್ಪಷ್ಟವಾಗಿ ಇದೆ, ಹಾಗಾಗಿ ಪಂಪು ಅವರದ್ದು, ಎಸಿ ಇವರದ್ದು ಅಂತ ಬಾಡಿ ಕಟ್ಟಿದವರು ಜಾರಿಕೊಳ್ಳೋಕೆ ಬಿಡಬೇಡಿ. ಬಿಲ್ ಹಿಂದೆ ಬೆಂಗಳೂರಿನ ವ್ಯಾಪ್ತಿ ಮಾತ್ರ ಅಂತ ಬರೆದಿದ್ರೂ ಹೆದರ್ಬೇಡಿ, ಗ್ರಾಹಕ ವಾಸ ಇರೋ ಜಿಲ್ಲೇಲೇ ದೂರು ಕೊಡಬಹುದು, ನಮಗೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗ ಇದೆ. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ರೆ ಜಿಲ್ಲಾ ಆಯೋಗ, ಅದಕ್ಕಿಂತ ಮೇಲೆ 2 ಕೋಟಿವರೆಗೆ ರಾಜ್ಯ ಆಯೋಗ. 20 ರಿಂದ 50 ಲಕ್ಷದ ಗಾಡಿಗೆ ಶುಲ್ಕ 1000 ರೂಪಾಯಿ ಅಷ್ಟೇ. ದೋಷ ಸರಿಪಡಿಸಿ ಅಂತಲೋ, ಗಾಡಿ ಬದಲಾಯಿಸಿ ಅಂತಲೋ, ದುಡ್ಡು ವಾಪಸ್ ಕೊಡಿ ಅಂತಲೋ ಆದೇಶ ಮಾಡೋ ಅಧಿಕಾರ ಆಯೋಗಕ್ಕಿದೆ, ಬೇಕಾದ್ರೆ ಪರೀಕ್ಷೆಗೆ ಲ್ಯಾಬ್‌ಗೂ ಕಳಿಸ್ತಾರೆ. ಸ್ವಂತ ದುಡಿಮೆಗೆ ಅಂತ ಒಂದು ಗಾಡಿ ಇಟ್ಕೊಂಡು ಬಾಡಿಗೆಗೆ ಓಡಿಸೋರೂ ಗ್ರಾಹಕರೇ, ಕಮರ್ಷಿಯಲ್ ಅಂತ ಹೇಳಿ ಅವರನ್ನ ಹೊರಗೆ ಹಾಕೋಕೆ ಆಗೋದಿಲ್ಲ. ಆದ್ರೆ ದೂರು ಕೊಡೋಕೆ ಎರಡು ವರ್ಷದ ಗಡುವು ಇದೆ, ನಾಳೆ ಮಾಡ್ತೇವೆ ನಾಡಿದ್ದು ಮಾಡ್ತೇವೆ ಅನ್ನೋ ಮಾತು ನಂಬಿ ಕೂತ್ರೆ ಅದು ಕಳೆದುಹೋಗ್ತದೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ನಂಬರ್ ತಗೊಳ್ಳಿ.

ಹೊಸದಾಗಿ ತಗೊಳ್ಳೋರು ಡೆಲಿವರಿ ದಿನವೇ ಪೈಪ್‌ನಲ್ಲಿ ನೀರು ಬಿಟ್ಟು ತೋರಿಸಿ ಅಂತ ಹೇಳಿ, ನಾಚಿಕೆ ಪಡ್ಬೇಡಿ. ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್ 124 ಅನ್ನೋ ಮಾನದಂಡ ಇದೆ, ಅದರ ಸರ್ಟಿಫಿಕೇಟ್ ಕಾಪಿ ಕೇಳಿ. ವೈರಿಂಗ್ ನಕ್ಷೆ ಕೇಳಿ, ಅದು ಇಲ್ಲದೆ ಇದ್ರೆ ನಾಳೆ ಯಾವ ಎಲೆಕ್ಟ್ರಿಷಿಯನ್ನೂ ಏನೂ ಮಾಡೋಕೆ ಆಗೋದಿಲ್ಲ. ಫೋನ್‌ನಲ್ಲಿ ಏನು ಮಾತಾಡಿದ್ರೂ ಆಮೇಲೆ ಅದನ್ನೇ ಈಮೇಲ್‌ನಲ್ಲಿ ಬರೆದು ಕಳಿಸಿ.

ನಾವು ಈಗ ನೋಟಿಸ್ ಕಳಿಸಿದ್ದೇವೆ, ಉತ್ತರ ಬರದೇ ಇದ್ರೆ ಕಾರವಾರದ ಆಯೋಗಕ್ಕೆ ಹೋಗ್ತೇವೆ. ಕುಮಟಾ, ಹೊನ್ನಾವರ, ಅಂಕೋಲಾ, ಶಿರಸಿ ಕಡೆ ಇಂಥದೇ ಗಾಡಿ ತಗೊಂಡು ಇಂಥದೇ ತೊಂದ್ರೇಲಿ ಇರೋರು ಇದ್ರೆ ನಿಮ್ಮ ಪತ್ರಿಕೆಗೆ ಬರೀಲಿ. ಒಂದೇ ಕಡೆ ಕಟ್ಟಿಸಿದ ಗಾಡಿ, ಒಂದೇ ಥರದ ದೋಷ ಆಗಿದ್ರೆ ಆಯೋಗದ ಅನುಮತಿ ತಗೊಂಡು ಎಲ್ಲರೂ ಸೇರಿ ಒಂದೇ ದೂರು ಕೊಡೋಕೆ ಕಾನೂನಿನಲ್ಲಿ ಅವಕಾಶ ಇದೆ, ಮುಂದಿನ ಜೂನ್ ಬರೋ ಮೊದಲೇ ಆ ಕೆಲಸ ಆಗ್ಬೇಕು.

ಇಂತಿ,
ನಿಮ್ಮ ಓದುಗ,
ಕುಮಟಾ, ಉತ್ತರ ಕನ್ನಡ