ಒಂದು ಫರ್ಲಾಂಗಿನಲ್ಲಿ ಯೂ-ಟರ್ನ್ ಕೊಡಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಮ್ಮ ಮನೆ ಗೇಟಿನ ಹತ್ತಿರ ನಿಂತರೆ ಅಮ್ಮ ತೋರಿಸಿಕೊಳ್ಳುವ ಡಾಕ್ಟರ ಕ್ಲಿನಿಕ್ಕಿನ ಬೋರ್ಡು ಕಾಣುತ್ತದೆ. ನಡುವೆ ಇರುವುದು ರಿಂಗ್ ರೋಡ್ ಒಂದೇ. ಮೊದಲು ಅಲ್ಲಿ ಜಂಕ್ಷನ್ ಇತ್ತು, ಸಿಗ್ನಲ್ ಇತ್ತು. ಗಾಡಿಗಳು ನಿಂತಾಗ ಅಮ್ಮ ನಿಧಾನಕ್ಕೆ ದಾಟಿ ಹೋಗಿ ಬರುತ್ತಿದ್ದರು. ಎರಡು ವರ್ಷದ ಹಿಂದೆ ಸಿಗ್ನಲ್ ತೆಗೆದರು. ಮೀಡಿಯನ್, ಅಂದರೆ ರಸ್ತೆ ನಡುವಿನ ಡಿವೈಡರ್, ಮುಚ್ಚಿ ಅದರ ಮೇಲೆ ಗ್ರಿಲ್ ಕೂರಿಸಿದರು. ಈಗ ಅಮ್ಮ ಕ್ಲಿನಿಕ್ಕಿಗೆ ಹೋಗಬೇಕಾದರೆ ಆಟೋ ಹಿಡಿಯಬೇಕು. ಆಟೋ ಎಡಕ್ಕೆ ಹೊರಟು, ಯೂ-ಟರ್ನ್ ಸಿಗುವ ತನಕ ಹೋಗಿ, ವಾಪಸ್ ಬಂದು ನಿಲ್ಲುವಷ್ಟರಲ್ಲಿ ಹತ್ತಿರ ಹತ್ತಿರ ಎರಡು ಕಿಲೋಮೀಟರ್ ಆಗಿರುತ್ತದೆ. ಕಣ್ಣೆದುರಿಗೆ ಕಾಣುವ ಜಾಗಕ್ಕೆ 36 ರೂಪಾಯಿ ಮಿನಿಮಮ್ ಚಾರ್ಜು. ಬರುವಾಗ ಆ ಕಡೆಯ ಯೂ-ಟರ್ನ್ ಇನ್ನೂ ದೂರ, ಇನ್ನೂ ಜಾಸ್ತಿ.

ಎಲ್ಲರೂ ಆಟೋ ಹಿಡಿಯುವುದಿಲ್ಲ. ಗ್ರಿಲ್ಲಿನಲ್ಲಿ ಒಂದು ಕಡೆ ಎರಡು ಸರಳು ಕಿತ್ತಿದ್ದಾರೆ. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ಬೆಳಗ್ಗೆ ಅದರಲ್ಲೇ ನುಸುಳಿ ಆ ಕಡೆ ಇಳಿಯುತ್ತಾರೆ. ಸೀರೆ ಸಿಕ್ಕಿ ಹರಿಯದಿರಲಿ ಅಂತ ಯಾರೋ ಪುಣ್ಯಾತ್ಮರು ಮುರಿದ ಸರಳಿನ ತುದಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿದ್ದಾರೆ. ಅದನ್ನು ನೋಡಿದ ದಿನವೇ ಈ ಪತ್ರ ಬರೆಯಬೇಕು ಅನಿಸಿತು.

ಜಂಕ್ಷನ್ ಯಾರು ಮುಚ್ಚಿಸಿದರು, ಯಾಕೆ ಮುಚ್ಚಿಸಿದರು ಅಂತ ಕೇಳಲು ಬರೆಯುತ್ತಿಲ್ಲ. ಅವರ ಉದ್ದೇಶ ಕೆಟ್ಟದ್ದು ಅಂತಲೂ ನಾನು ಹೇಳುವುದಿಲ್ಲ. ಬಲಕ್ಕೆ ತಿರುಗುವ ಗಾಡಿಗಳೇ ಜಂಕ್ಷನ್‌ನ ದೊಡ್ಡ ತಲೆನೋವು. ಅವನ್ನು ಜಂಕ್ಷನ್‌ನಿಂದ ತೆಗೆದು ಯೂ-ಟರ್ನಿಗೆ ಕಳಿಸಬೇಕು ಅನ್ನುವ ಯೋಚನೆ ಸರಿಯಾದದ್ದೇ. ನನ್ನ ಸಂಕಟ ಬೇರೆ. ಆ ಯೋಚನೆಯ ಅರ್ಧ ಮಾತ್ರ ನಮ್ಮ ರಸ್ತೆಗೆ ಬಂದಿದೆ. ಪೂರ್ತಿಯಾಗಿ ಮಾಡಿದ ಊರಿನಲ್ಲಿ ನಾನು 13 ವರ್ಷ ಗಾಡಿ ಓಡಿಸಿದ್ದೇನೆ.

2009ರಿಂದ 2022ರವರೆಗೆ ನಾನು ಅಮೆರಿಕದ ಮಿಷಿಗನ್ ರಾಜ್ಯದಲ್ಲಿದ್ದೆ. ಡೆಟ್ರಾಯಿಟ್ ಪಕ್ಕದ ಟ್ರಾಯ್ ಅನ್ನುವ ಊರು. ಕೆಲಸ ಕಾರಿನ ಬಿಡಿಭಾಗಗಳ ಡಿಸೈನ್. ರಸ್ತೆ ಎಂಜಿನಿಯರ್ ಅಲ್ಲ, ಆದರೆ ದಿನಾ ಓಡಾಡುವ ರಸ್ತೆ ಯಾಕೆ ಹೀಗಿದೆ ಅಂತ ಕೇಳಿ, ಓದಿ ತಿಳಿದುಕೊಂಡಿದ್ದೇನೆ. ಅಮ್ಮ ಆರು ತಿಂಗಳಿಗೆ ಅಂತ ಬಂದಿದ್ದಾಗ ಒಂದು ದಿನ ಬಿಗ್ ಬೀವರ್ ರಸ್ತೆಯಲ್ಲಿ ಹೋಗುತ್ತಿದ್ದೆವು. ತಿರುಗಬೇಕಾದ ಜಂಕ್ಷನ್ ದಾಟಿ ಮುಂದೆ ಹೋದೆ. "ಯಾಕೋ, ದಾರಿ ತಪ್ಪಿತೇನೋ?" ಅಂದರು ಅಮ್ಮ. ಅಷ್ಟರಲ್ಲಿ ಯೂ-ಟರ್ನ್ ಬಂತು, ತಿರುಗಿಸಿದೆ, ಅದೇ ಜಂಕ್ಷನ್‌ಗೆ ವಾಪಸ್ ಬಂದು ಬಲಕ್ಕೆ ಹೊರಳಿದೆ. "ಓ, ಇಲ್ಲಿ ಹೀಗಾ" ಅಂದು ಸುಮ್ಮನಾದರು.

ಅಲ್ಲಿ ಗಾಡಿ ಓಡಿಸುವುದು ರಸ್ತೆಯ ಬಲಗಡೆ. ನಮಗೆ ಬಲ ತಿರುವು ಎಷ್ಟು ಕಷ್ಟವೋ ಅವರಿಗೆ ಎಡ ತಿರುವು ಅಷ್ಟೇ ಕಷ್ಟ. ಎದುರಿನಿಂದ ಬರುವವರನ್ನು ಅಡ್ಡ ಹಾಯಬೇಕು. ಅದಕ್ಕೆ ದೊಡ್ಡ ರಸ್ತೆಯ ಜಂಕ್ಷನ್‌ಗಳಲ್ಲಿ ಎಡ ತಿರುವನ್ನೇ ನಿಲ್ಲಿಸಿದರು. ನೇರ ಹೋಗು, ಮುಂದೆ ಮೀಡಿಯನ್‌ನಲ್ಲಿರುವ ದಾರಿಯಲ್ಲಿ ತಿರುಗು, ವಾಪಸ್ ಬಂದು ಸುಲಭದ ಬಲ ತಿರುವು ತಗೋ. ಇದಕ್ಕೆ ಆ ದೇಶದಲ್ಲೆಲ್ಲ 'ಮಿಷಿಗನ್ ಲೆಫ್ಟ್' ಅಂತಲೇ ಹೆಸರು. ಮೊದಲು ಮಾಡಿದ್ದು ಡೆಟ್ರಾಯಿಟ್‌ನ ಏಯ್ಟ್ ಮೈಲ್ ರಸ್ತೆ ಮತ್ತು ಲಿವರ್ನಾಯ್ ರಸ್ತೆ ಸೇರುವ ಕಡೆ, 1960ರ ದಶಕದ ಆರಂಭದಲ್ಲಿ. ಅಪಘಾತ ಇಳಿಯಿತು, ಗಾಡಿಗಳು ಸರಾಗವಾಗಿ ಹರಿದವು. ಆಮೇಲೆ ರಾಜ್ಯದಲ್ಲಿ 700ಕ್ಕೂ ಹೆಚ್ಚು ಕಡೆ ಇದೇ ಬಂತು.

ಇದರ ಲೆಕ್ಕ ಸರಳ. ನಾಲ್ಕು ರಸ್ತೆ ಕೂಡುವ ಮಾಮೂಲಿ ಜಂಕ್ಷನ್‌ನಲ್ಲಿ ಒಂದು ಗಾಡಿಯ ದಾರಿ ಇನ್ನೊಂದಕ್ಕೆ ತಾಗುವ ಜಾಗಗಳು 32. ಈ ಪದ್ಧತಿಯಲ್ಲಿ ಅದು 16ಕ್ಕೆ ಇಳಿಯುತ್ತದೆ. ಅದರಲ್ಲೂ ಒಂದನ್ನೊಂದು ಅಡ್ಡ ಹಾಯುವ, ಹೊಡೆದರೆ ಪಕ್ಕೆಗೇ ಹೊಡೆಯುವ ಜಾಗಗಳು 16ರಿಂದ 4ಕ್ಕೆ ಬರುತ್ತವೆ. ಸಿಗ್ನಲ್ ಕಾಯುವುದೂ ಕಡಿಮೆ. ನಮ್ಮಲ್ಲಿ ನಾಲ್ಕು ಕಡೆಯವರನ್ನು ಒಬ್ಬೊಬ್ಬರನ್ನಾಗಿ ಬಿಡುತ್ತಾರೆ ಅಲ್ವಾ? ಒಬ್ಬೊಬ್ಬರಿಗೆ 30 ಸೆಕೆಂಡ್ ಅಂದರೂ ಉಳಿದವರು 90 ಸೆಕೆಂಡ್ ಕಾಯಬೇಕು. ತಿರುಗುವವರೇ ಇಲ್ಲದಿದ್ದರೆ ಎದುರು ಬದುರಿನವರು ಒಟ್ಟಿಗೆ ಹೊರಡಬಹುದು. ಎರಡೇ ಸರದಿ. 30 ಸೆಕೆಂಡ್ ಕಾದರೆ ಹಸಿರು.

ಇಲ್ಲೊಂದು ಮಾತನ್ನು ದಯವಿಟ್ಟು ಗಮನಿಸಿ. ಮಿಷಿಗನ್‌ನಲ್ಲಿ ಜಂಕ್ಷನ್ ಮುಚ್ಚುವುದಿಲ್ಲ. ಅಡ್ಡರಸ್ತೆಯಿಂದ ಬಂದವರು ಸಿಗ್ನಲ್ ನೋಡಿ ನೇರ ದಾಟಿ ಹೋಗುತ್ತಾರೆ. ನಡೆದು ಹೋಗುವವರೂ ಅಲ್ಲೇ ದಾಟುತ್ತಾರೆ. ನಿಲ್ಲಿಸಿರುವುದು ಎಡ ತಿರುವು ಒಂದನ್ನೇ. ಅಡ್ಡರಸ್ತೆಯವರು ನೇರ ದಾಟುವುದನ್ನೂ ತಡೆಯುವ ಇನ್ನೊಂದು ಪದ್ಧತಿಯೂ ಇದೆ. ನಾರ್ತ್ ಕೆರೊಲಿನಾ ರಾಜ್ಯದಲ್ಲಿ ಅದು ಜಾಸ್ತಿ. ಅದು ಹೊಂದುವುದು ಅಡ್ಡರಸ್ತೆಯಲ್ಲಿ ಗಾಡಿ ಕಡಿಮೆ ಇರುವ ಕಡೆ. ನಮ್ಮ ಜಂಕ್ಷನ್‌ನ ಎರಡೂ ಬದಿಗೆ ಮನೆ, ಸ್ಕೂಲು, ಅಂಗಡಿ, ಮಾರ್ಕೆಟ್ಟು ಇವೆ. ಇಲ್ಲಿ ಗೋಡೆಯ ಹಾಗೆ ಗ್ರಿಲ್ ಎಳೆದರೆ ಊರು ಎರಡಾಗುತ್ತದೆ, ಆಗಿದೆ.

ಇನ್ನು ಯೂ-ಟರ್ನ್ ಎಷ್ಟು ದೂರ ಇರಬೇಕು ಅನ್ನುವುದು. ಮಿಷಿಗನ್‌ನವರ ಅಳತೆ ಜಂಕ್ಷನ್‌ನಿಂದ 660 ಅಡಿ. ನೂರು ಅಡಿ ಆಚೀಚೆ ಆಗಬಹುದು. 660 ಅಡಿ ಅಂದರೆ ನಮ್ಮ ಹಿರಿಯರ ಬಾಯಲ್ಲಿ ಸರಿಯಾಗಿ ಒಂದು ಫರ್ಲಾಂಗು, 200 ಮೀಟರ್. ಇದು ಸುಮ್ನೆ ಇಟ್ಟ ಲೆಕ್ಕ ಅಲ್ಲ. ತೀರಾ ಹತ್ತಿರ ಇಟ್ಟರೆ ತಿರುಗಿ ಬಂದವರು ರಸ್ತೆಯ ಅಂಚಿನ ಲೇನಿಗೆ ಸರಿದುಕೊಳ್ಳಲು ಜಾಗ ಸಿಗುವುದಿಲ್ಲ. ಸಿಗ್ನಲ್‌ನಲ್ಲಿ ನಿಂತವರ ಸಾಲು ಯೂ-ಟರ್ನ್ ಬಾಯಿಯವರೆಗೂ ಬರುತ್ತದೆ. ತೀರಾ ದೂರ ಇಟ್ಟರೆ ಏನಾಗುತ್ತದೆ ಅನ್ನುವುದನ್ನು ನಾವು ದಿನಾ ನೋಡುತ್ತಿದ್ದೇವೆ. ಜನ ಅಲ್ಲಿಯ ತನಕ ಹೋಗುವುದಿಲ್ಲ, ರಾಂಗ್ ಸೈಡಿನಲ್ಲಿ ಬರುತ್ತಾರೆ. ಹಾಲಿನ ಕ್ಯಾನ್ ಕಟ್ಟಿಕೊಂಡವರು, ಮಕ್ಕಳನ್ನು ಸ್ಕೂಲಿಗೆ ಬಿಡುವ ತಂದೆತಾಯಂದಿರು, ಡೆಲಿವರಿ ಹುಡುಗರು ಎಲ್ಲರೂ. ತಪ್ಪೇ ಅದು, ನಾನು ಸಮರ್ಥಿಸುವುದಿಲ್ಲ. ಆದರೆ ಫೈನ್ ಹಾಕಿ ಹಾಕಿ ಅದು ನಿಂತಿಲ್ಲ. ಒಂದು ಫರ್ಲಾಂಗಿನಲ್ಲಿ ಒಳ್ಳೆಯ ತಿರುವು ಸಿಕ್ಕರೆ ಹೆಚ್ಚಿನವರು ಸರಿ ದಾರಿಯಲ್ಲೇ ಬರುತ್ತಾರೆ ಅಂತ ನನಗೆ ಗಟ್ಟಿ ನಂಬಿಕೆ ಇದೆ.

ಹೋದ ತಿಂಗಳು ಒಂದು ಸಂಜೆ ಆ ಯೂ-ಟರ್ನ್ ಹತ್ತಿರ ಅರ್ಧ ಗಂಟೆ ನಿಂತು ನೋಡಿದೆ. ಒಂದು ಸಿಟಿ ಬಸ್ಸು ಬಂತು. ತಿರುಗಲು ಜಾಗ ಸಾಲದು ಅಂತ ಡ್ರೈವರ್ ಎರಡನೇ ಲೇನಿನಿಂದಲೇ ಅಗಲಕ್ಕೆ ತಗೊಂಡರು. ಬಸ್ಸಿನ ಮೂತಿ ಆ ಕಡೆಯ ಫುಟ್‌ಪಾತಿಗೆ ಹೋಗಿ ನಿಂತಿತು. ಕಂಡಕ್ಟರ್ ಇಳಿದು ಹಿಂದೆ ಹೋಗಿ, ಬಸ್ಸಿನ ಮೈ ತಟ್ಟುತ್ತಾ "ಬರ್ಲಿ ಬರ್ಲಿ" ಅಂದರು. ಎರಡು ಸಲ ಹಿಂದೆ ಮುಂದೆ ಮಾಡಿ ಬಸ್ಸು ತಿರುಗಿತು. ಅಷ್ಟರಲ್ಲಿ ಆ ಕಡೆ ಮೂರು ಲೇನೂ ನಿಂತಿದ್ದವು. ಈ ಕಡೆ ತಿರುಗಲು ಕಾದವರ ಸಾಲು ಬಲಗಡೆಯ ಲೇನ್ ತುಂಬಿ, ನೇರ ಹೋಗುವವರಿಗೂ ದಾರಿ ಇರಲಿಲ್ಲ. ಡ್ರೈವರ್ ತಪ್ಪು ಇದರಲ್ಲಿ ಏನೂ ಇಲ್ಲ. 12 ಮೀಟರ್ ಉದ್ದದ ಬಸ್ಸು ಒಂದೇ ಸಲಕ್ಕೆ ಪೂರ್ತಿ ತಿರುಗಬೇಕಾದರೆ ಸುಮಾರು 24-25 ಮೀಟರ್ ಅಗಲ ಬೇಕು. ನಮ್ಮ ಮೂರು ಲೇನ್ ಸೇರಿಸಿದರೆ ಹತ್ತೂವರೆ ಮೀಟರ್. ಮೀಡಿಯನ್ ಒಂದು ಹೆಜ್ಜೆ.

ಮಿಷಿಗನ್‌ನಲ್ಲಿ ಮೀಡಿಯನ್ 60 ಅಡಿ, ಕೆಲವು ಕಡೆ ಅದಕ್ಕಿಂತ ಜಾಸ್ತಿ. ಹುಲ್ಲು, ಮರ ಎಲ್ಲ ಇರುತ್ತವೆ. ಅಷ್ಟು ಜಾಗ ಅವರಿಗೆ ಬಂದದ್ದಕ್ಕೊಂದು ಕಥೆಯಿದೆ. 1924ರಲ್ಲಿ ಡೆಟ್ರಾಯಿಟ್‌ನ ಸಾರಿಗೆ ಆಯೋಗ ಊರಿನಿಂದ ಹೊರಗೆ ಹೋಗುವ ದೊಡ್ಡ ರಸ್ತೆಗಳಿಗೆ 204 ಅಡಿ ಅಗಲ ಹಿಡಿಯಬೇಕು, ನಡುವೆ ರೈಲು ಓಡಬೇಕು ಅಂತ ಯೋಜನೆ ಹಾಕಿತು. ವುಡ್‌ವರ್ಡ್ ಅವೆನ್ಯೂ ಹಾಗೆ ಅಗಲವಾಯಿತು. ರೈಲು ಮಾತ್ರ ಬರಲೇ ಇಲ್ಲ. ರೈಲಿಗೆ ಅಂತ ಬಿಟ್ಟ ಆ ನಡುವಿನ ಜಾಗವೇ ಹತ್ತಿರ ಹತ್ತಿರ 40 ವರ್ಷ ಕಳೆದು ಯೂ-ಟರ್ನಿಗೆ ಒದಗಿತು. ನಮ್ಮಲ್ಲಿ ಅಷ್ಟು ಜಾಗ ಇಲ್ಲ, ಸಿಗುವುದೂ ಇಲ್ಲ. ಅದಕ್ಕಾಗಿ ಯಾರ ಮನೆಯನ್ನೂ ಒಡೆಯಿರಿ ಅಂತ ನಾನು ಕೇಳುವುದಿಲ್ಲ.

ಜಾಗ ಕಡಿಮೆ ಇರುವ ಕಡೆಗೂ ಅವರ ಹತ್ತಿರ ಉಪಾಯ ಇದೆ. ಯೂ-ಟರ್ನ್ ಎದುರಿಗೆ ರಸ್ತೆಯ ಆಚೆ ಅಂಚನ್ನು ಅರ್ಧಚಂದ್ರದ ಹಾಗೆ ಹೊರಕ್ಕೆ ಉಬ್ಬಿಸುತ್ತಾರೆ. ಅದನ್ನು 'ಲೂನ್' ಅನ್ನುತ್ತಾರೆ. ದೊಡ್ಡ ಗಾಡಿ ಆ ಉಬ್ಬಿಗೆ ಮೂತಿ ಹಾಕಿ ಒಂದೇ ಸಲಕ್ಕೆ ತಿರುಗಿಕೊಳ್ಳುತ್ತದೆ. ರಿಂಗ್ ರೋಡಿಗೆ ಪಕ್ಕದಲ್ಲೇ ಸರ್ವಿಸ್ ರೋಡ್ ಇದೆಯಲ್ಲ? ನಮ್ಮ ಜಂಕ್ಷನ್‌ನಿಂದ ಸುಮಾರು ಒಂದು ಫರ್ಲಾಂಗ್ ದೂರದಲ್ಲಿ ಮುಖ್ಯ ರಸ್ತೆಗೂ ಸರ್ವಿಸ್ ರೋಡಿಗೂ ನಡುವೆ ಖಾಲಿ ಪಟ್ಟಿಯೊಂದಿದೆ. ಈಗ ಅಲ್ಲಿ ಕಟ್ಟಡದ ಕಸ, ಮುರಿದ ಸ್ಲ್ಯಾಬು ಬಿದ್ದಿದೆ. ಅದನ್ನೇ ತೆಗೆದು ಉಬ್ಬು ಮಾಡಬಹುದು. ಮರ ಕಡಿಯುವ ಪ್ರಶ್ನೆಯೇ ಬರುವುದಿಲ್ಲ.

ತಿರುಗಲು ಕಾಯುವವರಿಗೆ ಬೇರೆ ಲೇನ್ ಬೇಕು, ಇಲ್ಲದಿದ್ದರೆ ಅವರು ವೇಗದ ಲೇನಿನಲ್ಲೇ ನಿಲ್ಲುತ್ತಾರೆ. ಯೂ-ಟರ್ನಿಗೂ ಸಿಗ್ನಲ್ ಬೇಕು. ಮಿಷಿಗನ್‌ನಲ್ಲಿ ಗಾಡಿ ಜಾಸ್ತಿ ಇರುವ ತಿರುವುಗಳಿಗೆ ಸಿಗ್ನಲ್ ಇದೆ. ಆ ಸಿಗ್ನಲ್ ರಸ್ತೆಯ ಒಂದು ಬದಿಯನ್ನು ಮಾತ್ರ ನಿಲ್ಲಿಸುತ್ತದೆ, ಇನ್ನೊಂದು ಬದಿ ಓಡುತ್ತಲೇ ಇರುತ್ತದೆ. ಅದನ್ನು ಜಂಕ್ಷನ್‌ನ ಸಿಗ್ನಲ್ ಜೊತೆ ಹೊಂದಿಸಿರುತ್ತಾರೆ. ಹಾಗಾಗಿ ಒಂದೇ ವೇಗದಲ್ಲಿ ಹೋದರೆ ಹಸಿರಿನ ಮೇಲೆ ಹಸಿರು ಸಿಗುತ್ತದೆ. ನಮ್ಮಲ್ಲಿ ಯಾರು ಮೊದಲು ಮೂತಿ ತೂರಿಸುತ್ತಾರೋ ಅವರದೇ ದಾರಿ. ಸ್ಕೂಟರಿನವರಿಗೆ ಅದು ಪ್ರಾಣಭಯ.

ಮಿಷಿಗನ್‌ನಲ್ಲಿ ಎಲ್ಲವೂ ಸರಿ ಇದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಆ ಅಗಲದ ರಸ್ತೆ ನಡೆಯುವವರಿಗೆ ಸುಲಭ ಅಲ್ಲ. ವುಡ್‌ವರ್ಡ್ ಎಂಟು ಲೇನಿನ ರಸ್ತೆ, ಗಾಡಿಗಳ ವೇಗವೂ ಜಾಸ್ತಿ. ಫರ್ನ್‌ಡೇಲ್ ಊರಿನವರಿಗೆ ಅದು ಸಾಕಾಗಿ, 2023ರಲ್ಲಿ ತಮ್ಮ ಊರೊಳಗಿನ ಭಾಗದಲ್ಲಿ ಲೇನ್ ಕಡಿಮೆ ಮಾಡಿಸಿ ಸೈಕಲ್ ದಾರಿ ಮಾಡಿಸಿಕೊಂಡರು. ಆದರೂ ಒಂದು ಅನುಕೂಲ ಅಲ್ಲಿದೆ. ಅರ್ಧ ದಾಟಿ ನಡುವೆ ನೆಮ್ಮದಿಯಾಗಿ ನಿಲ್ಲಬಹುದು. ಅಮ್ಮ ನನ್ನ ಮಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಟ್ರಾಯ್ ಲೈಬ್ರರಿಗೆ ಹೋಗುತ್ತಿದ್ದರು. ಬಿಗ್ ಬೀವರ್ ರಸ್ತೆಯನ್ನು ಒಂದೇ ಹಸಿರಿಗೆ ದಾಟಲು ಅವರಿಂದ ಆಗುತ್ತಿರಲಿಲ್ಲ. ನಡುವಿನ ಹುಲ್ಲಿನ ಹತ್ತಿರ ನಿಂತು, ಮುಂದಿನ ಹಸಿರಿಗೆ ಉಳಿದರ್ಧ ದಾಟುತ್ತಿದ್ದರು. ಭಾಷೆ ಬಾರದ ಊರಿನಲ್ಲಿ ಒಬ್ಬರೇ ರಸ್ತೆ ದಾಟಿದ ನನ್ನ ಅಮ್ಮನಿಗೆ, 40 ವರ್ಷ ಬಾಳಿದ ಊರಿನಲ್ಲಿ ಎದುರಿನ ಕ್ಲಿನಿಕ್ಕಿಗೆ ಹೋಗಲು ಆಗುತ್ತಿಲ್ಲ. ಇದು ನನ್ನನ್ನು ಬಹಳ ಕಾಡುತ್ತದೆ ಸಾರ್.

ಸ್ಕೈವಾಕ್ ಮಾಡಿಸೋಣ ಅಂತ ನಿಮ್ಮ ಕಡೆಯವರೊಬ್ಬರು ಹೇಳಿದರು. ಬೇಡ. ಮಂಡಿನೋವು ಇರುವವರು ಅಷ್ಟು ಮೆಟ್ಟಿಲು ಹತ್ತುವುದಿಲ್ಲ. ಲಿಫ್ಟ್ ಹಾಕಿಸಿದರೂ ಅದನ್ನು ದಿನಾ ನಡೆಸುವವರು ಬೇಕು.

ಬದಲಿಗೆ ಇಷ್ಟು ಮಾಡಿಸಿಕೊಡಿ. ಜಂಕ್ಷನ್ ಅನ್ನು ನೇರ ಹೋಗುವವರಿಗೂ ನಡೆಯುವವರಿಗೂ ತೆರೆಯಿರಿ. ಬಲ ತಿರುವು ಬಂದ್ ಆಗಿಯೇ ಇರಲಿ. ಸಿಗ್ನಲ್ ಎರಡೇ ಸರದಿಯದ್ದಾಗಲಿ. ಮೀಡಿಯನ್‌ನಲ್ಲಿ ನಾಲ್ಕು ಜನ ನಿಲ್ಲುವಷ್ಟು ಜಾಗ ಬಿಟ್ಟು, ಗಾಡಿ ನುಗ್ಗದ ಹಾಗೆ ಎರಡು ಕಡೆ ಗಟ್ಟಿ ಕಂಬ ನೆಡಿಸಿ. ಒಂದು ಫರ್ಲಾಂಗ್ ದೂರದಲ್ಲಿ ಎರಡೂ ಕಡೆಗೆ ಯೂ-ಟರ್ನ್ ಬರಲಿ. ಅದಕ್ಕೆ ಕಾಯುವ ಲೇನು, ಸಿಗ್ನಲ್ಲು, ಬಸ್ಸಿಗೆ ಉಬ್ಬು, ರಾತ್ರಿ ಕಾಣುವ ಬೆಳಕು, ಮತ್ತು ತಿರುವಿಗಿಂತ ಬಹಳ ಮೊದಲೇ ಕನ್ನಡದಲ್ಲಿ ಬೋರ್ಡು. ಕಾಂಕ್ರೀಟ್ ಹಾಕುವ ಮೊದಲು ಬ್ಯಾರಿಕೇಡ್, ಕೋನ್ ಇಟ್ಟು ಒಂದು ತಿಂಗಳು ನಡೆಸಿ ನೋಡಲಿ. ಗಾಡಿಗಳನ್ನಷ್ಟೇ ಎಣಿಸುವುದು ಬೇಡ, ನಡೆದು ದಾಟಿದವರನ್ನೂ ಎಣಿಸಲಿ. ಹಳೇ ಪರಿಸ್ಥಿತಿಯ ಲೆಕ್ಕ ಮೊದಲೇ ತೆಗೆದಿಟ್ಟುಕೊಂಡಿರಲಿ, ಆಗ ಹೋಲಿಸಬಹುದು.

ಟ್ರಾಫಿಕ್ ಪೊಲೀಸರು, ಪಾಲಿಕೆಯವರು, ಬಸ್ಸಿನವರು ಮೂವರೂ ಒಟ್ಟಿಗೆ ಕೂರದೆ ಇದು ಆಗುವುದಿಲ್ಲ. ನನ್ನಂಥವನು ಕರೆದರೆ ಅವರು ಬರುವುದಿಲ್ಲ, ನೀವು ಕರೆದರೆ ಬರುತ್ತಾರೆ. ಅದಕ್ಕೇ ಈ ಪತ್ರ ನಿಮಗೆ.

ಜಂಕ್ಷನ್‌ನ ಅಳತೆಯನ್ನೆಲ್ಲ ಟೇಪ್ ಹಿಡಿದು ತೆಗೆದುಕೊಂಡಿದ್ದೇನೆ. ಗ್ರಾಫ್ ಹಾಳೆಯ ಮೇಲೆ ನಕ್ಷೆ ಬರೆದು, ಬಸ್ಸು ತಿರುಗುವ ಗೆರೆ ಸಮೇತ ಒಂದು ಪ್ರತಿಯನ್ನು ನಿಮ್ಮ ಕಚೇರಿಯಲ್ಲಿ ಕೊಟ್ಟು ಬಂದಿದ್ದೇನೆ. ನೀವು ಒಮ್ಮೆ ಬೆಳಗ್ಗೆ ಎಂಟೂವರೆಗೆ ಆ ಗ್ರಿಲ್ಲಿನ ಹತ್ತಿರ ಬನ್ನಿ. ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ದಾಟುವ ಹೊತ್ತು ಅದು. ನಾನು ನಕ್ಷೆ ಹಿಡಿದುಕೊಂಡು ಅಲ್ಲೇ ಇರುತ್ತೇನೆ. ಅಮ್ಮನೂ ಬರುತ್ತೇನೆ ಅಂದಿದ್ದಾರೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ