ಸಹಾಯಾರ್ಥ ನಿಧಿಯ ಬಳಕೆಯ ಕುರಿತು ಸೂಚನೆ

ಮಾನ್ಯ ಸದಸ್ಯರೇ,

ಸಹಾಯಾರ್ಥ ಯಕ್ಷಗಾನ ಪ್ರದರ್ಶನದಿಂದ ಸಂಗ್ರಹವಾದ ಹಣದ ಒಂದು ಪಾಲನ್ನು, ದೊಡ್ಡ ಕಾರ್ಯಕ್ರಮಕ್ಕೆಂದು ಕಾಯ್ದಿರಿಸದೆ, ನಮ್ಮ ಕಾರವಾರದ ಕೇರಿಗಳ ಸಣ್ಣಪುಟ್ಟ ಅಗತ್ಯಗಳಿಗೆ ಬಳಸಲು ಸಮಿತಿಯು ತೀರ್ಮಾನಿಸಿದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಬೋಟಿನ ದುಡಿಮೆಯನ್ನೇ ನಂಬಿದ ಮನೆಗಳಲ್ಲಿ ಗಳಿಕೆ ನಿಲ್ಲುವುದೂ ಮಕ್ಕಳ ನೋಟುಬುಕ್ಕು, ಕೊಡೆಗಳ ಖರ್ಚು ಬರುವುದೂ ಒಂದೇ ಹೊತ್ತಿಗೆ. ಆದ್ದರಿಂದ ಮೊದಲ ಆದ್ಯತೆ ಈ ಮನೆಗಳಿಗೆ. ಹುಬ್ಬಳ್ಳಿ, ಮಣಿಪಾಲ ಅಥವಾ ಗೋವಾದ ಆಸ್ಪತ್ರೆಗೆ ರೋಗಿಯ ಜೊತೆ ಹೋಗುವವರ ಬಸ್ ಖರ್ಚು, ಒಂಟಿಯಾಗಿರುವ ಹಿರಿಯರ ಮನೆಯ ಹಂಚು ಸರಿಪಡಿಸುವ ಕೂಲಿ ಇತ್ಯಾದಿಗಳಿಗೂ ಇದೇ ಹಣವನ್ನು ಕೊಡಬಹುದು.

ಒಂದು ನೆರವು 2,000 ರೂಪಾಯಿ ಮೀರಬಾರದು. ಇಬ್ಬರು ಸಮಿತಿ ಸದಸ್ಯರು ಒಪ್ಪಿದರೆ ಸಾಕು, ಸಭೆಗೆ ಕಾಯಬೇಕಾಗಿಲ್ಲ. ರಸೀದಿಯನ್ನು ಖಜಾಂಚಿಯವರಿಗೆ ತಲುಪಿಸಬೇಕು. ಗುಂಪಿನಲ್ಲಿ ಮೊತ್ತ ಮತ್ತು ಉದ್ದೇಶವನ್ನಷ್ಟೇ ಪ್ರಕಟಿಸತಕ್ಕದ್ದು. ಪಡೆದವರ ಹೆಸರಾಗಲಿ ಚಿತ್ರವಾಗಲಿ ಬೇಡ (ಅಕ್ಕಿ ಚೀಲ ಹಿಡಿಸಿ ಫೋಟೋ ತೆಗೆಯುವ ರೂಢಿ ನನಗಂತೂ ಒಪ್ಪಿಗೆಯಿಲ್ಲ).

ನೆರವು ಬೇಕಾದ ಮನೆಗಳ ವಿವರವನ್ನು ಗುಂಪಿನಲ್ಲಿ ಬರೆಯದೆ, ನೇರವಾಗಿ ನನಗೆ ತಿಳಿಸಬೇಕಾಗಿ ವಿನಂತಿ.

ಕಾರ್ಯದರ್ಶಿ