ಮುಂದಿನ ಸಲ ಮಾರಿಯೋ ಪಾರ್ಟಿ ಡಿಎಸ್

ಗೆಳೆಯರೇ, ಮುಂದಿನ ಸಲ ಸೇರಿದಾಗ ಮಾರಿಯೋ ಪಾರ್ಟಿ ಡಿಎಸ್ ಆಡೋಣ. ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಡಿಎಸ್ ಗೇಮ್ ಯಂತ್ರಕ್ಕೆ 2007ರಲ್ಲಿ ಬಂದ ದಾಳದ ಬೋರ್ಡ್ ಆಟ, ಆದರೂ ನಾಲ್ಕು ಜನ ಕೂತರೆ ಇವತ್ತಿಗೂ ಮಜಾ ಕೊಡುತ್ತದೆ. ಎಲ್ಲರೂ ಗೇಮ್ ಕಾರ್ಡ್ ತರಬೇಕಿಲ್ಲ, ಒಂದೇ ಸಾಕು. ಉಳಿದವರು ತಮ್ಮ ಡಿಎಸ್‌ನಲ್ಲಿ ಡೌನ್‌ಲೋಡ್ ಪ್ಲೇ (ಬೇರೆಯವರ ಕಾರ್ಡಿನಿಂದ ವೈರ್‌ಲೆಸ್ ಆಗಿ ಆಡುವ ಸೌಲಭ್ಯ) ತೆರೆದು ಸೇರಿಕೊಳ್ಳಬಹುದು. ಫುಲ್ ಚಾರ್ಜ್ ಮಾಡಿಕೊಂಡು ಬನ್ನಿ, ಸ್ಟೈಲಸ್ (ಪರದೆ ಮುಟ್ಟುವ ಕಡ್ಡಿ) ಮರೀಬೇಡಿ.

ಹೊಸಬರಿಗೆ: ಎಲ್ಲರೂ ಒಂದೊಂದು ಸಲ ದಾಳ ಹಾಕಿದ ಮೇಲೆ ಮಿನಿಗೇಮ್, ಅಂದರೆ ಒಂದು ಪುಟ್ಟ ಸ್ಪರ್ಧೆ ಬರುತ್ತದೆ. ಗೆದ್ದರೆ ನಾಣ್ಯ, ನಾಣ್ಯ ಕೊಟ್ಟರೆ ನಕ್ಷತ್ರ. ಕೊನೆಗೆ ಲೆಕ್ಕ ನಕ್ಷತ್ರದ್ದೇ ಅಲ್ವಾ, ಸುಮ್ನೆ ನಾಣ್ಯ ಕೂಡಿಡಬೇಡಿ. ಕೆಲವು ಮಿನಿಗೇಮ್‌ಗಳಲ್ಲಿ ಮೈಕಿಗೆ ಊದಬೇಕು.

ಮೊದಲು ಹೂದೋಟದ ಬೋರ್ಡ್ ಆಡೋಣ. ಆಟದ ಖಳನಾಯಕ ಬೌಸರ್ ಎಲ್ಲರನ್ನೂ ಕುಗ್ಗಿಸಿರುತ್ತಾನೆ, ಹಾಗಾಗಿ ಪುಟ್ಟ ತೋಟವೇ ಕಾಡಿನ ಹಾಗೆ ಕಾಣುತ್ತದೆ. ನನಗಂತೂ ಅದೇ ತುಂಬಾ ಇಷ್ಟ. ಬರುವವರು ಇಲ್ಲೇ ಹೆಸರು ಹಾಕಿ.